ಚಪ್ಪಲಿ ಬಿಟ್ಟ ಬಾಗಿಲು ಹುಡುಕುತ್ತ

ಈಜು ಮತ್ತು ಸೈಕಲ್ಲು, ಇವೆರಡನ್ನು ಒಮ್ಮೆ ಕಲಿತರೆ ಸಾಯುವವರೆಗೂ ಮರೆಯುವುದಿಲ್ಲ ಎಂದು ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಹೇಳುತ್ತಿದ್ದರು. ಈಜಿನ ವಿಷಯ ನನಗೆ ಗೊತ್ತಿಲ್ಲ; ಬಕೆಟ್ಟಿನಿಂದ ಆಚೆಗಿನ ನೀರಿನ ಸಹವಾಸಕ್ಕೆ ನಾನು ಹೋದವನಲ್ಲ. ಸೈಕಲ್ಲಿನ ಮಟ್ಟಿಗೆ ಮೇಷ್ಟ್ರ ಮಾತು ನೂರಕ್ಕೆ ನೂರು ನಿಜ, ಮತ್ತು ನನ್ನ ಕಷ್ಟವಿರುವುದೇ ಅಲ್ಲಿ. ಮರೆಯೋಣ ಎಂದರೂ ಮರೆಯುವುದಿಲ್ಲವಲ್ಲ! ಮೈಸೂರಿನ ಸರಸ್ವತಿಪುರದಲ್ಲಿ, ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಕಲಿತ ವಿದ್ಯೆ ಅದು. ರಸ್ತೆಯ ಎಡಗಡೆ ಹೋಗುವುದು, ಇಳಿಜಾರು ಬಂದರೆ ಸುಮ್ಮನೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಟರ್ರ್ ಎನ್ನಿಸುವುದು, ಅಡ್ಡ ಬಂದವರನ್ನು ತಾಯ್ನುಡಿಯಲ್ಲೇ ಮಾತಾಡಿಸುವುದು, ಎಲ್ಲವೂ ಮೈಗೆ ಹತ್ತಿಬಿಟ್ಟಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ವಿಮಾನ ಹತ್ತಿಸಿದರೂ ಹೋಗುವುದಿಲ್ಲ ಎಂಬುದನ್ನು ನಾನು ಸೇರಿಸುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಹೆಂಡತಿ ನಳಿನಿಯೂ ಒಂದು ಚಳಿಗಾಲದಲ್ಲಿ ನಾರ್ತ್ ಕೆರೊಲಿನಾದ ಕ್ಯಾರಿ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿಗೆ ಬಂದಿಳಿದೆವು. ನನಗೆ ಪಕ್ಕದ ಡರ್ಹಮ್‌ನ ಒಂದು ಲ್ಯಾಬಿನಲ್ಲಿ ಇಲಿಗಳ ರಕ್ತ ಪರೀಕ್ಷೆ ಮಾಡುವ ಕೆಲಸ. "ಇಲಿ ರಕ್ತ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಅಕ್ಕಿ ಡಬ್ಬದ ಹಿಂದೆ ಬೇಕಾದಷ್ಟಿದಾವಲ್ಲ" ಎಂದು ನಮ್ಮತ್ತೆ ಕೇಳಿದ್ದರು. ಸಮಂಜಸವಾದ ಪ್ರಶ್ನೆ, ಉತ್ತರ ನನಗೆ ಈಗಲೂ ಹೊಳೆದಿಲ್ಲ.

ಮನೆಯೇನೋ ಚೆನ್ನಾಗಿತ್ತು. ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು. ನಳಿನಿ ಮೊದಲ ದಿನ ಅದರ ನಡುವೆ ನಿಂತು, "ರೀ, ಇದನ್ನ ಗುಡಿಸೋದು ಹೇಗೆ, ಒರೆಸೋದು ಹೇಗೆ?" ಎಂದು ಕಂಗಾಲಾದಳು. ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಅಪಾರ್ಟ್‌ಮೆಂಟ್ ಆಫೀಸಿನ ಹೆಂಗಸು ಹೇಳಿದ್ದರಿಂದ ದೇವರ ಪಟಗಳೆಲ್ಲ ಫ್ರಿಜ್ಜಿನ ನೆತ್ತಿಯ ಮೇಲೆ ಹೋಗಿ ಕುಳಿತವು. ಆ ಫ್ರಿಜ್ಜಿಗೆ ಆಗಾಗ ಚಳಿಜ್ವರ ಬಂದಂತೆ ನಡುಕ ಬರುತ್ತಿತ್ತು. ಆಗೆಲ್ಲ ಗಣಪತಿ, ಲಕ್ಷ್ಮಿ, ವೆಂಕಟರಮಣ ಮೂವರೂ ಒಟ್ಟಿಗೆ ಗಡಗಡ ನಡುಗುವರು. ಅಭಯಹಸ್ತವೇ ನಡುಗತೊಡಗಿದರೆ ಭಕ್ತರ ಗತಿಯೇನು ಹೇಳಿ. ಬಾಗಿಲ ಹೊರಗೆ ಚಪ್ಪಲಿ ಬಿಡಕೂಡದು, ಅದು ಓಡಾಡುವ ಜಾಗ ಎಂದೂ ಆಕೆ ಹೇಳಿದ್ದರಿಂದ ನಮ್ಮ ಚಪ್ಪಲಿಗಳು ಒಳಗೆ ಹಳೆಯ ಪೇಪರಿನ ಮೇಲೆ ನೆಲೆಸಿದವು. ಇನ್ನು ಆ ಕಾಂಪ್ಲೆಕ್ಸಿನ ಕಟ್ಟಡಗಳೋ, ಒಂದೇ ಅಚ್ಚಿನಲ್ಲಿ ಒತ್ತಿದ ಚಕ್ಕುಲಿಯ ಹಾಗೆ ಎಲ್ಲವೂ ಒಂದೇ ಥರ. ಅದೇ ಬೂದುಬಣ್ಣ, ಅದೇ ಮೆಟ್ಟಿಲು, ಅದೇ ಪೈನ್ ಮರ. ನಮ್ಮ ಕಟ್ಟಡವನ್ನು ಅದರ ಮುಂದೆ ನಿಲ್ಲುತ್ತಿದ್ದ ಒಂದು ಹಳದಿ ಟ್ರಕ್ಕಿನಿಂದ ನಾನು ಗುರುತು ಹಿಡಿಯುತ್ತಿದ್ದೆ. ಟ್ರಕ್ಕಿನವನು ಬೇರೆಡೆ ನಿಲ್ಲಿಸಿದ ದಿನ ಬೇರೆಯವರ ಮೆಟ್ಟಿಲು ಹತ್ತಿಳಿಯುವುದು ನನಗೆ ಅಭ್ಯಾಸವಾಗಿತ್ತು.

ನಿಜವಾದ ತೊಂದರೆ ಮನೆಯದಲ್ಲ, ಮಾತಿನದು. ನಳಿನಿ ಮೈಸೂರಿನಲ್ಲಿ ಹುಡುಗಿಯರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ಅವಳು ಪಾಠ ಮಾಡಿದರೆ ರಸ್ತೆಯ ಆಚೆಗಿನ ಹಿಟ್ಟಿನ ಗಿರಣಿಯವನಿಗೂ ಪಾಣಿಪತ್ ಯುದ್ಧ ಬಾಯಿಪಾಠವಾಗುತ್ತಿತ್ತು. ಅಂಥವಳಿಗೆ ಇಲ್ಲಿ ಬೆಳಗ್ಗೆ ನಾನು ಹೊರಟ ಮೇಲೆ ಸಂಜೆ ನಾನು ಬರುವವರೆಗೆ ಒಂದು ನರಪಿಳ್ಳೆಯೂ ಇಲ್ಲ. ಊರಿಗೆ ಫೋನು ಮಾಡಿದರೆ ಬಿಲ್ಲು ನೆನೆದು ನಿಮಿಷ ನಿಮಿಷಕ್ಕೂ ಎದೆ ಹೊಡೆದುಕೊಳ್ಳುವ ಕಾಲ ಅದು. ಮೊದಮೊದಲು ನಾನು ಬಂದ ಕೂಡಲೇ ದಿನದ ಮಾತನ್ನೆಲ್ಲ ಒಂದೇ ಸಲಕ್ಕೆ ನನ್ನ ಮೇಲೆ ಸುರಿಯುತ್ತಿದ್ದಳು. ಆಮೇಲೆ ಫ್ರಿಜ್ಜಿನ ಜೊತೆ ಮಾತಾಡತೊಡಗಿದಳು. ದೇವರು ಮೇಲಿದ್ದಾರಲ್ಲ, ಪ್ರಾರ್ಥನೆ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕಿವಿಗೊಟ್ಟರೆ, "ಇವತ್ತು ಹುಳಿಗೆ ಉಪ್ಪು ಜಾಸ್ತಿ ಆಯ್ತು ಕಣಮ್ಮ, ಅವರಿಗೇನೂ ಗೊತ್ತಾಗಲ್ಲ ಬಿಡು" ಎನ್ನುತ್ತಿದ್ದಳು. ಕೊನೆಗೆ ಅದೂ ನಿಂತಿತು. ಮದುವೆಯಾದಾಗಿನಿಂದ "ಸ್ವಲ್ಪ ಸುಮ್ಮನಿರೇ ಮಾರಾಯ್ತಿ" ಎಂದು ಎಷ್ಟು ಸಲ ಗದರಿದ್ದೆನೋ. ಈಗ ಅವಳು ನಿಜವಾಗಿ ಸುಮ್ಮನಾದಳು. ನನಗೆ ಭಯವಾಯಿತು.

ಒಂದು ಸಂಜೆ ತಟ್ಟೆಗೆ ಅನ್ನ ಬಡಿಸುತ್ತ ಅವಳೇ ಹೇಳಿದಳು: "ನಂಗೆ ಇಲ್ಲಿ ಚಳಿ ಪರವಾಗಿಲ್ಲ, ಕಾರ್ಪೆಟ್ಟೂ ಪರವಾಗಿಲ್ಲ. ಕನ್ನಡದಲ್ಲಿ ಮಾತಾಡೋ ಒಂದು ಮನೆ ಬೇಕು. ಒಂದೇ ಒಂದು. ಯುಗಾದಿಯೊಳಗೆ ಹುಡುಕಿಕೊಡಿ. ಇಲ್ಲಾಂದ್ರೆ ನಾನು ಊರಿಗೆ ಹೋಗಿ ಅಲ್ಲೇ ಇರ್ತೀನಿ. ನಿಮ್ಮ ಇಲಿಗಳ ಕೆಲಸ ಮುಗಿದ ಮೇಲೆ ಬನ್ನಿ." ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಮೆತ್ತಗೆ ಹೇಳಿದಳು.

ಮೊದಲು ಟೆಲಿಫೋನ್ ಡೈರೆಕ್ಟರಿ ಹಿಡಿದೆ. ರಾವ್ ಎಂದಿದ್ದವರಿಗೆ ಫೋನು ಮಾಡಿದರೆ ತೆಲುಗಿನವರು; ಪಾಪ, ಬಹಳ ಸಜ್ಜನರು, ಗೊಂಗೂರ ಸೊಪ್ಪಿನ ಚಟ್ನಿ ಬೇಕೇ ಎಂದು ಕೇಳಿದರು. ಭಟ್ ಎಂದಿದ್ದವರು ಗುಜರಾತಿನವರು. ಡೈರೆಕ್ಟರಿ ಅಲ್ಲಿಗೆ ಮುಗಿಯಿತು. ಇಂಡಿಯನ್ ಅಂಗಡಿಗೆ ಹೋದರೆ ನಮ್ಮವರು ಸಿಗುತ್ತಾರೆ ಎಂದು ಆ ತೆಲುಗಿನವರು ಹೇಳಿದ್ದರು. ಅಂಗಡಿಗೆ ಹೋಗಲು ಕಾರು ಬೇಕು, ಕಾರಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಪರೀಕ್ಷೆಗೆ ಹೋಗಿದ್ದೆ. ಆಫೀಸಿನ ಗೇಟು ದಾಟಿದವನೇ ಸರಸ್ವತಿಪುರದ ಸಂಸ್ಕಾರದಂತೆ ರಸ್ತೆಯ ಎಡಗಡೆ ಹಿಡಿದೆ. ಪಕ್ಕದಲ್ಲಿ ಕುಳಿತಿದ್ದ ಅಧಿಕಾರಿಣಿ ಕಣ್ಣು ಮುಚ್ಚಿಕೊಂಡು ಏನೋ ಪ್ರಾರ್ಥನೆ ಹೇಳಿಕೊಂಡಳು. ಪರೀಕ್ಷೆ ಆ ಪ್ರಾರ್ಥನೆಯೊಂದಿಗೆ ಸಂಪನ್ನವಾಯಿತು. ಬೇಸಿಗೆಗೆ ಬಾ ಎಂದರು.

ನನ್ನನ್ನು ದಿನಾ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದವನು ಸಹೋದ್ಯೋಗಿ ವಾಲ್ಟರ್. ನಿವೃತ್ತಿಗೆ ಹತ್ತಿರವಾದ, ಬಹಳ ನಿಧಾನದ ಮನುಷ್ಯ. ಕ್ಯಾರಿಯಲ್ಲಿ ಒಂದು ವಾಕ್ಯ ಶುರು ಮಾಡಿದರೆ ಡರ್ಹಮ್ ಹೊತ್ತಿಗೆ ಮುಗಿಸುತ್ತಿದ್ದ. ನನ್ನ ಕಥೆಯನ್ನೆಲ್ಲ ಕೇಳಿ ಒಂದು ಶನಿವಾರ ತನ್ನ ಗ್ಯಾರೇಜಿನಿಂದ ಸೈಕಲ್ಲೊಂದನ್ನು ತಂದುಕೊಟ್ಟ. ಅವನ ಮಗಳು ಚಿಕ್ಕವಳಿದ್ದಾಗ ಓಡಿಸುತ್ತಿದ್ದದ್ದು. ಅಚ್ಚ ಗುಲಾಬಿ ಬಣ್ಣ, ಮುಂದೆ ಬಿಳಿ ಬುಟ್ಟಿ, ಹ್ಯಾಂಡಲಿನ ಎರಡೂ ತುದಿಯಿಂದ ಜೋತಾಡುವ ಹೊಳೆಯುವ ರಿಬ್ಬನ್ನಿನ ಕುಚ್ಚುಗಳು. ಕುಚ್ಚು ಕತ್ತರಿಸಿಬಿಡೋಣವೇ ಎಂದು ನಾನು ಕೇಳಿದ್ದಕ್ಕೆ ನಳಿನಿ, "ಬೇಡ ಬಿಡಿ, ನಿಮಗೆ ಒಪ್ಪುತ್ತೆ" ಎಂದಳು. ಎಷ್ಟೋ ದಿನದ ಮೇಲೆ ಅವಳು ಮಾಡಿದ ತಮಾಷೆ. ಆ ಒಂದು ಮಾತಿಗೆ ಕುಚ್ಚು ಉಳಿದವು. ಹ್ಯಾಂಡಲಿಗೆ ದೊಡ್ಡದಾಗಿ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕರ್ಪೂರ ಬೆಳಗಿ ನನ್ನನ್ನು ದಿಗ್ವಿಜಯಕ್ಕೆ ಕಳಿಸಿದಳು. ವಾಲ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ನಿಂತಿದ್ದ. ನಿಂಬೆಹಣ್ಣು ಅಪ್ಪಚ್ಚಿಯಾದಾಗ ಮಾತ್ರ, ಸೈಕಲ್ಲಿನಿಂದ ಲೆಮನೇಡ್ ಮಾಡುವುದು ಸ್ವಲ್ಪ ಕಷ್ಟದ ದಾರಿಯಲ್ಲವೇ ಎಂದು ಕೇಳಿದ.

ಮೊದಲ ದಿನವೇ ನನಗೆ ಈ ಊರಿನ ಜನರ ಮೇಲೆ ಅಪಾರ ಪ್ರೀತಿ ಹುಟ್ಟಿತು. ಎದುರಿಗೆ ಬಂದ ಕಾರಿನವರೆಲ್ಲ ಕೈ ಬೀಸುತ್ತಿದ್ದರು, ಕೆಲವರು ಹಾರ್ನು ಮಾಡುತ್ತಿದ್ದರು, ಒಬ್ಬಾಕೆ ಕಿಟಕಿ ಇಳಿಸಿ ಏನೋ ಕೂಗಿ ಹೇಳಿದಳು. ನಾನೂ ಒಂದು ಕೈ ಬಿಟ್ಟು ಎಲ್ಲರಿಗೂ ಕೈ ಬೀಸಿದೆ. ನಮ್ಮೂರಿನಲ್ಲಿ ಎದುರು ಮನೆಯವರೇ ಮುಖ ತಿರುಗಿಸಿಕೊಂಡು ಹೋಗುತ್ತಾರೆ, ಇಲ್ಲಿ ನೋಡು ಎಂತಹ ಆತ್ಮೀಯತೆ ಎಂದು ನಳಿನಿಗೆ ವರ್ಣಿಸಿದೆ. ಸೋಮವಾರ ವಾಲ್ಟರ್ ಕ್ಯಾರಿಯಿಂದ ಡರ್ಹಮ್‌ವರೆಗೆ ಒಂದೇ ವಾಕ್ಯದಲ್ಲಿ ವಿವರಿಸಿದ: ನಾನು ರಸ್ತೆಯ ತಪ್ಪು ಬದಿಯಲ್ಲಿ ಹೋಗುತ್ತಿದ್ದೆನಂತೆ, ಅವರೆಲ್ಲ ಜೀವ ಉಳಿಸಿಕೋ ಎಂದು ಸನ್ನೆ ಮಾಡುತ್ತಿದ್ದರಂತೆ. ಆಮೇಲೆ ಬಲಗಡೆಯೇ ಹೋಗಬೇಕೆಂದು ದಿನಾ ನಿಶ್ಚಯ ಮಾಡಿಕೊಂಡು ಹೊರಡುತ್ತಿದ್ದೆ. ಒಂದು ತಿರುವು ಬರುವವರೆಗೆ ನಿಶ್ಚಯ ಇರುತ್ತಿತ್ತು.

ಇನ್ನೊಂದು ವಿಷಯ ವಾಲ್ಟರ್ ಹೇಳಲು ಮರೆತಿದ್ದ. ಆ ಸೈಕಲ್ಲಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು! ಇಳಿಜಾರಿನಲ್ಲಿ ಗಾಳಿಗೆ ಮುಖವೊಡ್ಡಿ, ಹಳೆಯ ಅಭ್ಯಾಸದಂತೆ ಆರಾಮಾಗಿ ಪೆಡಲನ್ನು ಹಿಂದಕ್ಕೆ ತಿರುಗಿಸಿದೆ ನೋಡಿ, ಸೈಕಲ್ಲು ಕಂಬ ನೆಟ್ಟಂತೆ ನಿಂತಿತು. ನಾನು ನಿಲ್ಲಲಿಲ್ಲ. ಬುಟ್ಟಿಯ ಮೇಲಿಂದ ಹಾರಿ ಯಾರದೋ ಹುಲ್ಲುಹಾಸಿನಲ್ಲಿ ಸಾಷ್ಟಾಂಗ ಬಿದ್ದೆ. ಆ ಮನೆಯ ಮುದುಕ ವರಾಂಡದಿಂದ, ಚೆನ್ನಾಗಿದ್ದೀಯಾ ಮಗನೇ ಎಂದು ಕೇಳಿದ. ಹುಲ್ಲು ಬಹಳ ಚೆನ್ನಾಗಿದೆ ಎಂದೆ.

ಈಗ ನನ್ನ ಪತ್ತೇದಾರಿಕೆಯ ವಿಷಯಕ್ಕೆ ಬರುತ್ತೇನೆ. ಸಂಜೆಗಳಲ್ಲಿ, ಶನಿವಾರ ಭಾನುವಾರಗಳಲ್ಲಿ ನಾನು ಆ ಸುತ್ತಲಿನ ಬೀದಿಗಳನ್ನೆಲ್ಲ ಜಾಲಾಡತೊಡಗಿದೆ. ದಾರಿ ಕೇಳೋಣವೆಂದರೆ ಬೀದಿಯಲ್ಲಿ ಜನವೇ ಇಲ್ಲ, ಅಳಿಲುಗಳು ಮಾತ್ರ. ಎಲ್ಲರೂ ಕಾರಿನಲ್ಲಿ ಬಂದು, ಕಾರಿನಲ್ಲೇ ಕುಳಿತು ಗ್ಯಾರೇಜಿನ ಬಾಗಿಲು ತೆರೆಸಿ, ಒಳಗೆ ಮಾಯವಾಗುತ್ತಿದ್ದರು. ಮನುಷ್ಯರು ಕಾಣದಿದ್ದರೆ ಮನುಷ್ಯರ ಗುರುತನ್ನಾದರೂ ಹುಡುಕಬೇಕಲ್ಲ. ಯೋಚಿಸಿ ಯೋಚಿಸಿ ಒಂದು ಸಿದ್ಧಾಂತ ಮಾಡಿದೆ: ನಮ್ಮವರ ಮನೆಯ ಬಾಗಿಲ ಹೊರಗೆ ಚಪ್ಪಲಿ ಇದ್ದೇ ಇರುತ್ತದೆ. ರಂಗೋಲಿ ಇಲ್ಲದಿರಬಹುದು, ತೋರಣ ಇಲ್ಲದಿರಬಹುದು, ಆದರೆ ಚಪ್ಪಲಿ ಹಾಕಿಕೊಂಡು ಒಳಗೆ ಹೋದರೆ ಅಜ್ಜಿಯ ಆತ್ಮ ಸುಮ್ಮನಿರುತ್ತದೆಯೇ? ನಮ್ಮ ಚಪ್ಪಲಿಯೇ ಒಳಗಿದೆ, ಬೇರೆಯವರದೂ ಹಾಗೇ ಇರಬಹುದು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ವಿಜ್ಞಾನಿಗಳಿಗೆ ಇಂಥದ್ದು ಹೊಳೆಯುವುದು ಕಡಿಮೆ. ಅಂದಿನಿಂದ ನನ್ನ ದೃಷ್ಟಿ ಬಾಗಿಲುಗಳ ಬುಡದಲ್ಲೇ ನೆಟ್ಟಿತು. ಮನೆ ಎಷ್ಟು ದೊಡ್ಡದು, ಬಣ್ಣ ಯಾವುದು, ನಂಬರು ಎಷ್ಟು ಒಂದನ್ನೂ ನೋಡುತ್ತಿರಲಿಲ್ಲ.

ಸಿದ್ಧಾಂತಕ್ಕೆ ಫಲ ಸಿಗಲಿಲ್ಲವೆಂದಲ್ಲ. ಒಂದು ಬಾಗಿಲಲ್ಲಿ ಸಾಲಾಗಿ ಜೋಡಿಸಿದ ಚಪ್ಪಲಿಗಳಿದ್ದವು. ಬೆಲ್ಲು ಒತ್ತಿದರೆ ಕೊರಿಯಾದ ಒಬ್ಬ ಅಜ್ಜಿ ಬಾಗಿಲು ತೆರೆದಳು. ನಾನು ಕೈ ಮುಗಿದೆ, ಆಕೆ ಬಗ್ಗಿದಳು. ನಾನು ಇನ್ನೂ ಬಗ್ಗಿದೆ, ಆಕೆ ಇನ್ನೂ ಬಗ್ಗಿದಳು. ಯಾರು ಮೊದಲು ನಿಲ್ಲಿಸಬೇಕೆಂದು ತಿಳಿಯದೆ ಇಬ್ಬರಿಗೂ ಸೊಂಟ ಹಿಡಿಯಿತು. ಕೊನೆಗೆ ಆಕೆ ಒಳಗೆ ಹೋಗಿ ಒಂದು ಬಾಟಲಿ ಎಲೆಕೋಸಿನ ಉಪ್ಪಿನಕಾಯಿ ತಂದುಕೊಟ್ಟಳು. ನಳಿನಿ ಅದಕ್ಕೆ ಸಾಸಿವೆ ಇಂಗಿನ ಒಗ್ಗರಣೆ ಹಾಕಿ ಸುಧಾರಿಸಿದಳು. ಖಾಲಿ ಬಾಟಲಿ ವಾಪಸ್ಸು ಕೊಡಬಾರದೆಂದು ಕೋಡುಬಳೆ ತುಂಬಿ ಕಳಿಸಿದಳು. ಇನ್ನೊಂದು ಕಡೆ ಮಣ್ಣು ಮೆತ್ತಿದ ದೊಡ್ಡ ಬೂಟುಗಳಿದ್ದವು. ಗದ್ದೆ ಕೆಲಸದವರು ಇಲ್ಲೆಲ್ಲಿ ಎಂಬ ಅನುಮಾನ ಬಂದರೂ ಬೆಲ್ಲು ಒತ್ತಿದೆ. ಆರಡಿಗೂ ಎತ್ತರದ ಒಬ್ಬಾತ ಬಂದು ನನ್ನನ್ನೂ ಗುಲಾಬಿ ಸೈಕಲ್ಲನ್ನೂ ನೋಡಿ, ಸೈಕಲ್ಲಿನಲ್ಲಿ ಮನೆಮನೆಗೆ ಬರುವ ಮತಪ್ರಚಾರಕನೆಂದುಕೊಂಡು, "ನಮಗೆ ಆಗಲೇ ಒಂದು ಚರ್ಚ್ ಇದೆ, ಥ್ಯಾಂಕ್ಸ್" ಎಂದು ವಿನಯದಿಂದ ಬಾಗಿಲು ಹಾಕಿಕೊಂಡ.

ಹೀಗಿರುವಾಗ ಆ ನಾಯಿಯ ಪ್ರಸಂಗ ನಡೆಯಿತು. ನಮ್ಮ ಕಾಂಪ್ಲೆಕ್ಸಿನಿಂದ ಸ್ವಲ್ಪ ದೂರದಲ್ಲಿ, ಇಳಿಜಾರಿನ ಒಂದು ಬೀದಿ; ತುದಿಯಲ್ಲಿ ರಸ್ತೆ ಮುಗಿದು ದುಂಡಗೆ ಮನೆಗಳಿದ್ದವು. ಅಂದು ಬಿಸಿಲು ಬಂದಿತ್ತೆಂದು ಹವಾಯಿ ಚಪ್ಪಲಿ ಹಾಕಿಕೊಂಡು ಹೊರಟಿದ್ದೆ. ಮೈಸೂರಿನಿಂದ ತಂದ ನೀಲಿ ಪಟ್ಟಿಯ ಚಪ್ಪಲಿ. ಬಲಗಾಲಿನದರ ಉಂಗುಷ್ಠ ಕಿತ್ತುಹೋಗಿತ್ತು, ಅಡಿಗೆ ಸೇಫ್ಟಿ ಪಿನ್ನು ಚುಚ್ಚಿ ರಿಪೇರಿ ಮಾಡಿಕೊಂಡಿದ್ದೆ. ಬೀದಿಯ ತುದಿಯ ಮನೆಗಳ ಬಾಗಿಲ ಬುಡ ನೋಡುತ್ತ ಇಳಿಯುತ್ತಿದ್ದಾಗ ಒಂದು ಪೊದೆಯ ಹಿಂದಿನಿಂದ ಕಂದುಬಣ್ಣದ, ಕರುವಿನಷ್ಟು ದೊಡ್ಡ ನಾಯಿಯೊಂದು ಬೊಗಳುತ್ತ ಧಾವಿಸಿ ಬಂತು. ಗಾಬರಿಯಲ್ಲಿ ನನ್ನ ಕಾಲು, ಪಾಪಿ ಕಾಲು, ಪೆಡಲನ್ನು ಹಿಂದಕ್ಕೆ ತಿರುಗಿಸಿತು. ಸೈಕಲ್ಲು ನಾಯಿಯ ಎದುರಿಗೇ ಹೋಗಿ ಮರ್ಯಾದೆಯಿಂದ ನಿಂತಿತು. ನಾನು ಬಿದ್ದೆ. ಇಂಗ್ಲಿಷು, ಇಷ್ಟು ವರ್ಷ ಓದಿದ ಇಂಗ್ಲಿಷು, ಎಲ್ಲಿಗೆ ಹೋಯಿತೋ! "ಹಚಾ! ಹಚಾ! ಥೂ ನಿನ್ನ! ಅಯ್ಯಯ್ಯಪ್ಪಾ, ಯಾರ್ರೀ ಇದ್ರ ಯಜಮಾನ್ರು? ಹಿಡ್ಕೊಳ್ರೀ! ಸತ್ನಲ್ಲಪ್ಪಾ!" ಎಂದು ಮೈಸೂರಿಗೇ ಕೇಳುವಂತೆ ಅರಚಿದೆ.

ನಾಯಿ ನಿಂತಿತು. ತಲೆ ಓರೆ ಮಾಡಿ ನನ್ನನ್ನೇ ನೋಡಿತು. ಪಾಪ, ಜನ್ಮದಲ್ಲಿ ಯಾರೂ ಅದಕ್ಕೆ ಹಚಾ ಎಂದಿರಲಿಲ್ಲ. ಇದು ಬೈಗುಳವೋ ಆಹ್ವಾನವೋ ಅದಕ್ಕೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ನನ್ನ ಬಲಗಾಲಿನಿಂದ ಜಾರಿದ್ದ ಚಪ್ಪಲಿಯನ್ನು ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತ ಪೊದೆಯ ಹಿಂದೆ ಹೋಯಿತು. ನಾನು ಸೈಕಲ್ಲು ಎತ್ತಿಕೊಂಡು, ಒಂಟಿ ಚಪ್ಪಲಿಯಲ್ಲಿ, ಹಿಂದೆ ನೋಡದೆ ಪೆಡಲು ತುಳಿದೆ. ನಾಯಿಗೆ ಹೆದರಿ ಬಿದ್ದೆ ಎಂದು ಹೆಂಡತಿಗೆ ಹೇಳುವುದುಂಟೇ? ಪೈನ್ ಕಾಯಿಯ ಮೇಲೆ ಚಕ್ರ ಜಾರಿತು, ಚಪ್ಪಲಿ ತೊರೆಯಲ್ಲಿ ಬಿತ್ತು ಎಂದೆ. ಅವಳು ಮೊಣಕೈಗೆ ಅರಿಶಿನ ಹಚ್ಚಿದಳು. "ಇನ್ನು ಹೋಗ್ಬೇಡಿ, ಸಾಕು" ಎಂದಳು. ಆ ರಾಗ ನನಗೆ ಹಿಡಿಸಲಿಲ್ಲ. ಇನ್ನು ಹುಡುಕುವುದು ಬೇಡ, ನಾನು ನಿರ್ಧಾರ ಮಾಡಿಯಾಯಿತು ಎಂಬಂತಿತ್ತು.

ಮರುದಿನ ಲ್ಯಾಬಿನಿಂದ ಬಂದರೆ ಗೂಡಿನ ಮೇಲಿದ್ದ ಸೂಟ್‌ಕೇಸು ಕೆಳಗಿಳಿದಿತ್ತು. ಏನೂ ತುಂಬಿರಲಿಲ್ಲ. ಸುಮ್ಮನೆ ಧೂಳು ಒರೆಸಿಟ್ಟಿದ್ದಾಳೆ ಅಷ್ಟೇ. ಅದರ ಪಕ್ಕದಲ್ಲೇ ನಾವಿಬ್ಬರೂ ಊಟ ಮಾಡಿದೆವು. ಇವಳು ಹೋದರೆ ಈ ಮನೆಯಲ್ಲಿ ನಾನೂ ಆ ಫ್ರಿಜ್ಜೂ ಮಾತ್ರ. ಅವಳಿಲ್ಲದೆ ನನಗಾಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕಿತ್ತು. ನಮ್ಮ ಕಡೆಯ ಗಂಡಸರು ಅಂಥದ್ದನ್ನು ಹೇಳುವ ಬದಲು ಸೈಕಲ್ಲಿಗೆ ಎಣ್ಣೆ ಬಿಡುತ್ತಾರೆ. ನಾನೂ ಬಿಟ್ಟೆ.

ಯುಗಾದಿಗೆ ಮುಂಚಿನ ಶನಿವಾರ ಬೆಳಗ್ಗೆಯೇ ಹೊರಟುಬಿಟ್ಟೆ. ಪೈನ್ ಮರಗಳು ಹಳದಿ ಪರಾಗ ಉದುರಿಸುವ ಕಾಲ. ರಸ್ತೆ, ಕಾರು, ಮನುಷ್ಯರು, ಎಲ್ಲದಕ್ಕೂ ಅರಿಶಿನ ಬಳಿದಂತೆ ಆಗಿರುತ್ತದೆ. ಎಷ್ಟೋ ಬೀದಿ ಸುತ್ತಿದೆ. ಬಾಗಿಲ ಬುಡದಲ್ಲೆಲ್ಲ ಹೂಕುಂಡ, ಕಾಲೊರಸು, ಒಂದು ಕಡೆ ಕಲ್ಲಿನ ಕಪ್ಪೆ. ಚಪ್ಪಲಿ ಮಾತ್ರ ಇಲ್ಲ. ಅಷ್ಟರಲ್ಲಿ ಸೈಕಲ್ಲಿನ ಚೈನು ಕಳಚಿತು. ಹಾಕಲು ಹೋಗಿ ಕೈಯೆಲ್ಲ ಮಸಿ. ಕನ್ನಡಕ ಒರೆಸಲು ಹೋಗಿ ಅದಕ್ಕೂ ಮಸಿ. ಹಳದಿ ಕರಿ ಎರಡೂ ಬಳಿದುಕೊಂಡ ಗಾಜಿನ ಹಿಂದಿನಿಂದ ಪ್ರಪಂಚ ನೋಡುತ್ತ, ಸೈಕಲ್ಲು ತಳ್ಳಿಕೊಂಡು ಒಂದು ಅಡ್ಡದಾರಿಯಲ್ಲಿ ನಡೆದೆ. ಯಾವುದೋ ಕಾಂಪ್ಲೆಕ್ಸಿನ ಹಿಂದಿನ ಗೇಟು ಸಿಕ್ಕಿತು. ಇಲ್ಲಿಗೆ ಹಿಂದೆ ಬಂದಿರಲಿಲ್ಲ, ಇದನ್ನೂ ನೋಡಿಬಿಡೋಣ ಎಂದುಕೊಂಡು ಒಳಹೊಕ್ಕೆ. ಒಂದು ಮೆಟ್ಟಿಲಿನ ಬಳಿ ಬಂದಾಗ ಮೇಲಿನಿಂದ ವಾಸನೆ ಬಂತು. ಸಾಸಿವೆ, ಇಂಗು, ಒಣಮೆಣಸಿನಕಾಯಿ. ಒಗ್ಗರಣೆ!

ಸೈಕಲ್ಲನ್ನು ಅಲ್ಲೇ ಬಿಸಾಡಿ ಮೆಟ್ಟಿಲು ಹತ್ತಿದೆ. ಬಾಗಿಲ ಬುಡ ನೋಡಿದೆ. ನಿಂತೇಬಿಟ್ಟೆ. ಹೆಂಗಸರ ಒಂದು ಜೊತೆ ಚಪ್ಪಲಿ, ಚಿಕ್ಕ ಹುಡುಗಿಯ ಒಂದು ಜೊತೆ, ಅವುಗಳ ಪಕ್ಕದಲ್ಲಿ ಒಂದು ಹವಾಯಿ ಚಪ್ಪಲಿ! ಅಂಚೆಲ್ಲ ಹರಿದು ಆಕಾರ ಕೆಟ್ಟಿದ್ದರೂ ಹವಾಯಿ ಚಪ್ಪಲಿಯೇ, ಸಂಶಯವಿಲ್ಲ. ಬಗ್ಗಿ ನೋಡಿದರೆ ಕೆಳಗೆ ಸೇಫ್ಟಿ ಪಿನ್ನು ಬೇರೆ! ಉಂಗುಷ್ಠಕ್ಕೆ ಪಿನ್ನು ಚುಚ್ಚಿ ಚಪ್ಪಲಿಯ ಆಯಸ್ಸು ಹೆಚ್ಚಿಸುವ ಬುದ್ಧಿವಂತಿಕೆ ನಮ್ಮವರಿಗಲ್ಲದೆ ಇನ್ಯಾರಿಗಿದೆ? ಒಂದೇ ಯಾಕಿದೆ ಎಂದು ಕೇಳಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ, ಯಾಕೆಂದರೆ ಆಗಲೇ ಒಳಗಿನಿಂದ ಅಪರಿಚಿತ ಹೆಣ್ಣುದನಿಯೊಂದು ಕೇಳಿತು: "ಅಯ್ಯೋ, ಇನ್ನೂ ಒಂದಾ? ಸಾಕು ಕಣ್ರೀ, ಹೊಟ್ಟೇಲಿ ಜಾಗ ಇಲ್ಲ!" ಕನ್ನಡ! ಮೈಸೂರು ಕನ್ನಡ! ಕಣ್ಣಲ್ಲಿ ನೀರು ಬಂತೆಂದು ಹೇಳಲು ನನಗೆ ನಾಚಿಕೆಯಿಲ್ಲ. ಸ್ವಲ್ಪ ಪರಾಗದ್ದೂ ಇರಬಹುದು.

ಬೆಲ್ಲು ಒತ್ತಿದೆ. ಎಷ್ಟೋ ದಿನದಿಂದ ಅಭ್ಯಾಸ ಮಾಡಿಟ್ಟುಕೊಂಡಿದ್ದ ಭಾಷಣ ಸಿದ್ಧವಾಗಿತ್ತು. ಬಾಗಿಲು ತೆರೆದದ್ದೇ ತಡ, ಮಸಿಗೈ ಜೋಡಿಸಿ, ತಲೆ ಬಗ್ಗಿಸಿ, ಒಂದೇ ಉಸಿರಿನಲ್ಲಿ ಹೇಳಿದೆ: "ನಮಸ್ಕಾರ ತಾಯಿ, ನಾವು ಮೈಸೂರಿನವರು. ತಪ್ಪು ತಿಳ್ಕೋಬೇಡಿ. ನನ್ನ ಹೆಂಡತಿ ತುಂಬಾ ಒಳ್ಳೆಯವಳು. ಅವಳಿಗೆ ಮಾತಾಡೋಕೆ ಯಾರೂ ಇಲ್ಲ. ಹೀಗೇ ಆದ್ರೆ ಊರಿಗೆ ಹೊರಟುಹೋಗ್ತಾಳೆ, ಅವಳು ಹೋದ್ರೆ ನನ್ನ ಕೈಲಿ ಇರೋಕಾಗಲ್ಲ. ದಯವಿಟ್ಟು ಒಂದ್ಸಲ ನಮ್ಮನೆಗೆ ಬನ್ನಿ."

ಎದುರಿಗಿದ್ದ ಪಾದಗಳನ್ನು ನೋಡಿದೆ. ಆ ಕಾಲುಂಗುರ ಎಲ್ಲೋ ನೋಡಿದ ಹಾಗಿತ್ತು. ನಿಧಾನವಾಗಿ ತಲೆ ಎತ್ತಿದೆ. ಸಟ್ಟುಗ ಹಿಡಿದುಕೊಂಡು ನಳಿನಿ ನಿಂತಿದ್ದಳು. ಅವಳ ಹಿಂದೆ ನಮ್ಮ ಫ್ರಿಜ್ಜು, ಫ್ರಿಜ್ಜಿನ ಮೇಲೆ ನಮ್ಮ ದೇವರುಗಳು. ಅದೇ ಹೊತ್ತಿಗೆ ಫ್ರಿಜ್ಜು ನಡುಗಿ ಮೂವರೂ ಮೈ ಕುಲುಕಿಸಿ ನಕ್ಕಂತಾಯಿತು.

"ರೀ," ಎಂದಳು ನಳಿನಿ, "ಒಳಗೆ ಬನ್ನಿ, ಇದು ನಮ್ಮನೇನೇ." ಅಷ್ಟು ಹೇಳಿ ನಗಲು ಶುರು ಮಾಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಕೆಳಗೆ ಕುಕ್ಕರಿಸಿ, ಕಣ್ಣೊರೆಸಿಕೊಂಡು ನಕ್ಕಳು. ಮೈಸೂರು ಬಿಟ್ಟ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಒಳಗೆ ತಟ್ಟೆಯ ಮುಂದೆ ಕುಳಿತಿದ್ದ ಹೆಂಗಸು ಎದ್ದು ನಿಂತರು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಅರ್ಧ ತಿಂದ ದೋಸೆ. ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಹುಡುಗಿ. ಹುಡುಗಿ ನನ್ನನ್ನು ಬೆರಳು ಮಾಡಿ ತೋರಿಸಿ, "ಅಮ್ಮೀ, ದಟ್ಸ್ ಹಿಮ್! ಡಾಗ್ ಅಂಕಲ್!" ಎಂದು ಕಿರುಚಿದಳು.

"ಹೌದು ಕಣ್ರೀ, ಇವರೇ!" ಎಂದರು ಆಕೆ. ಅವರ ಹೆಸರು ಶಾಹಿನಾ, ಮೈಸೂರಿನ ಮಂಡಿ ಮೊಹಲ್ಲಾದವರು, ಆ ನಾಯಿಯ ಬೀದಿಯಲ್ಲೇ ತುದಿಯ ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದವರು. "ಅವತ್ತು ಪಾತ್ರೆ ತೊಳೀತಾ ಇದ್ದೆ. ಹೊರಗಡೆಯಿಂದ 'ಹಚಾ ಹಚಾ, ಸತ್ನಲ್ಲಪ್ಪಾ' ಅಂತ ಕೂಗು! ನಂಗೆ ಮೈ ಜುಮ್ ಅಂತು. ಈ ಊರಲ್ಲಿ ನಾಯಿಗೆ ಹಚಾ ಅನ್ನೋರು ಯಾರಪ್ಪಾ ಅಂತ ಓಡಿಬಂದ್ರೆ ಇವರು ಹೋಗೇಬಿಟ್ಟಿದ್ರು, ಗುಲಾಬಿ ಸೈಕಲ್ ಮೇಲೆ, ರಸ್ತೆ ಎಡಗಡೆ! ಇವಳು ಸ್ಕೂಲ್ ಬಸ್ಸಿಂದ ನಿಮ್ಮ ಮೆಟ್ಟಿಲ ಹತ್ರ ಆ ಸೈಕಲ್ ನೋಡಿದ್ಳು. ಇವತ್ತು ಬಂದ್ರೆ ನಾಲ್ಕು ಬಾಗಿಲು. ಒಗ್ಗರಣೆ ವಾಸನೆ ಬಂದ ಬಾಗಿಲು ತಟ್ಟಿದೆ. ಚಪ್ಪಲೀನೂ ನಾಯಿ ಹತ್ರ ಕಿತ್ಕೊಂಡು ತಂದಿದೀನಿ."

ನಳಿನಿ ನಗು ನಿಲ್ಲಿಸಿ ನನ್ನತ್ತ ತಿರುಗಿದಳು. "ಪೈನ್ ಕಾಯಿ ಅಂದಿದ್ರಿ? ತೊರೆ ಅಂದಿದ್ರಿ?"

ನಾನು ಮಾತು ತಿರುಗಿಸಲು, ನಿಮ್ಮ ಬೀದಿಯ ಬಾಗಿಲುಗಳನ್ನೆಲ್ಲ ನೋಡಿದ್ದೇನೆ, ನಿಮ್ಮ ಮನೆ ಮುಂದೆ ಒಂದೂ ಚಪ್ಪಲಿ ಇರಲಿಲ್ಲವಲ್ಲ ಎಂದು ಕೇಳಿದೆ. "ಹೊರಗೆ ಬಿಟ್ರೆ ಆ ಪಕ್ಕದ್ಮನೆ ನಾಯಿ ಬಿಡುತ್ತಾ?" ಎಂದರು ಶಾಹಿನಾ. "ಮೊದ್ಲು ಬಿಡ್ತಿದ್ವಿ. ನಮ್ಮನೇದೇ ಎಷ್ಟು ಜೊತೆ ತಿಂದಿದೆ. ಈಗ ಎಲ್ಲಾ ಒಳಗೇ."

ನಾನು ಕೈ ತೊಳೆದು ಬಂದು ಕುಳಿತೆ. ಅವರಿಬ್ಬರೂ ಆಗಲೇ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿದ್ದರು. ಮಲ್ಲಿಗೆಯಿಂದ ವೀಳ್ಯದೆಲೆಗೆ, ವೀಳ್ಯದೆಲೆಯಿಂದ ಯಾರದೋ ಮದುವೆಗೆ, ಮದುವೆಯಿಂದ ಗಂಡಂದಿರ ಬುದ್ಧಿಗೆ ಮಾತು ಹಾರುತ್ತಿತ್ತು. ನನ್ನ ಸಿದ್ಧಾಂತದ ಬಗ್ಗೆ ಎರಡು ಮಾತು ಹೇಳೋಣವೆಂದು ಬಾಯಿ ತೆರೆದೆ. ಸಂದು ಸಿಗಲಿಲ್ಲ. ಇನ್ನೊಮ್ಮೆ ತೆರೆದಾಗ ನಳಿನಿ, "ಸ್ವಲ್ಪ ಸುಮ್ಮನಿರ್ತೀರಾ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ರೀ, ಬೇಜಾರಾದ್ರೆ ಒಂದು ರೌಂಡ್ ಸೈಕಲ್ ಹೊಡ್ಕೊಂಡು ಬನ್ನಿ. ನಾವಿನ್ನೂ ಮಾತಾಡ್ಬೇಕು" ಎಂದಳು. ಹೋಗುವಾಗ ಸೂಟ್‌ಕೇಸನ್ನು ಗೂಡಿನ ಮೇಲಕ್ಕೆ ಎತ್ತಿಡಲು ಹೇಳಿದಳು. ಎತ್ತಿಟ್ಟೆ. ಅಷ್ಟು ಹಗುರವಾದ ಸೂಟ್‌ಕೇಸನ್ನು ನಾನು ಜೀವಮಾನದಲ್ಲಿ ಎತ್ತಿಲ್ಲ.

ಆ ಯುಗಾದಿಗೆ ಶಾಹಿನಾ ಅವರ ಮನೆಯವರೆಲ್ಲ ನಮ್ಮಲ್ಲಿಗೇ ಒಬ್ಬಟ್ಟಿನ ಊಟಕ್ಕೆ ಬಂದರು. ಅವರ ಮೂಲಕ ಇನ್ನಷ್ಟು ಕನ್ನಡದ ಮನೆಗಳು ಸಿಕ್ಕವು. ಆ ಮನೆಗಳಲ್ಲೆಲ್ಲ ನನ್ನ ಹೆಸರು ಇವತ್ತಿಗೂ ಹಚಾ ಅಂಕಲ್. ನಮ್ಮ ಫೋನಂತೂ ಆಮೇಲೆ ನನ್ನ ಕೈಗೆ ಸಿಕ್ಕಿದ್ದೇ ಅಪರೂಪ.

ಆ ಶನಿವಾರ ಮಧ್ಯಾಹ್ನ ನಾನು ಚೈನು ಹಾಕಿಕೊಂಡು ಎಲ್ಲಿಗೆ ಹೋಗುವುದೆಂದು ತಿಳಿಯದೆ ಸುತ್ತಿ, ಕೊನೆಗೆ ಆ ನಾಯಿಯ ಬೀದಿಗೇ ಹೋದೆ. ನಾಯಿಯನ್ನು ಕಟ್ಟಿಹಾಕಿದ್ದರು. ಬೇಲಿಯ ಈಚೆ ಸೈಕಲ್ಲು ಒರಗಿಸಿ, ಚಪ್ಪಲಿಯ ಸಿದ್ಧಾಂತ, ಕೊರಿಯಾದ ಅಜ್ಜಿ, ಸೂಟ್‌ಕೇಸು, ಹೆಂಡತಿ ಮನೆಯಿಂದ ಆಚೆಗೆ ಕಳಿಸಿದ್ದು, ಎಲ್ಲವನ್ನೂ ಅದಕ್ಕೆ ಕನ್ನಡದಲ್ಲಿ ಹೇಳಿದೆ. ತಲೆ ಓರೆ ಮಾಡಿಕೊಂಡು ಪೂರ್ತಿ ಕೇಳಿತು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.